ಮೂರನೇ ಗೀರು

ಡಿಕ್ಕಿ ತೆರೆದು ಇಮಾಮಹುಸೇನ
ಹೆರಾಲ್ಡಿನ ಟಾಕಿ ಬಿಚ್ಚಿ ಇಳಿಸಿದ,
ಬೋರಲು ಹಾಕಿ ಬಡಿದ.
ಜರಜರ ಸುರೀತು ಮಸಾರಿ ಮಣ್ಣಿನಂಥ ಜಂಗು,
ಹಿಂದ ಒಂದು ಬಿದಿರಿನ ತುಂಡು.

'ಇದೇನ್ರಿ ಅಕ್ಕಾರ?'

ಸೋದರತ್ತಿಯ ಅಳತೆಕೋಲು.
ಮೀಟರಿನ ಮುಳ್ಳು ನಾ ಹುಟ್ಟೂಕಿಂತ ಮೊದಲ ಸತ್ತಿತ್ತು.
ಆಕಿ ಲೀಟರು ನಂಬಲಿಲ್ಲ,
ಚಾಕುವಿನಿಂದ ಊರು ಕೆತ್ತಿದ್ಲು:
ಕೆಳಗಿನ ಗೀರು ಅಣ್ಣಿಗೇರಿ,
ಅದರ ಮ್ಯಾಲ ಹುಬ್ಬಳ್ಳಿ.
ಎಲ್ಲಾಕಿಂತ ಮ್ಯಾಲೊಂದಿತ್ತು, ಗೇಣಿನಷ್ಟು ದೂರ.
'ಅದು ಎಲ್ಲಿಗೆ, ಅತ್ತೀ?'
ಕೋಲು ಮೂಸಿ, ಸೆರಗಿಗೆ ಒರಸಿ,
ಸುಮ್ಮನ ಗಾಡಿ ಚಾಲೂ ಮಾಡತಿದ್ಲು.

ತುಂಡಿನ ಮ್ಯಾಲ ಎರಡ ಗೀರು.
ಮುರಿದದ್ದು ಮೂರನೇದರ ಕೆಳಗ.

ಹೊಸ ಟಾಕಿ ಕೂತು,
ಬೆಟಗೇರಿ ಬಂಕಿನ್ಯಾಗ ಗಂಟಲಮಟ ಪೆಟ್ರೋಲು.
ಮುಳ್ಳು ನಡುಗಿ, ಎದ್ದು ನಿಂತು
ಫುಲ್ ಅಂತು.
ಎಲ್ಲಿಗೆ ಅಂತ
ಅದೂ ಹೇಳಲಿಲ್ಲ.