ಮೇ-ಮೊದಲು

ಚಳಿಗಾಲದಲ್ಲಿ ಸತ್ತವರನ್ನು ಇಲ್ಲಿ ಆಗಲೇ ಹೂಳುವುದಿಲ್ಲ.
ನಾಲ್ಕಡಿ ಆಳದವರೆಗೂ ನೆಲ ಹೆಪ್ಪುಗಟ್ಟಿರುತ್ತದೆ, ಗುದ್ದಲಿ ಕಿಡಿ ಹಾರಿಸುತ್ತದೆ.
ಇಗರ್ಜಿಯ ಹಿಂದಿನ ಕಲ್ಲುಕೋಣೆಯಲ್ಲಿ
ಜನವರಿಯವರು, ಫೆಬ್ರವರಿಯವರು
ಸಾಲಾಗಿ ಮಲಗಿ ಮೇ ತಿಂಗಳಿಗೆ ಕಾಯುತ್ತಾರೆ.
ಆ ವರ್ಷ ಐವರು. ಅವರಲ್ಲೊಬ್ಬ ತಿಯೋತೀಮ್ ವೆಲೆಟ್.

ಹಳೆಯ ಸ್ಮಶಾನ ಸೇಂಟ್ ಜಾನ್ ನದಿಯ ದಂಡೆಯ ತಗ್ಗಿನಲ್ಲಿದೆ.
ಬೆಳಿಗ್ಗೆ ಅಗೆದರೆ ಸಂಜೆಗೆ ಗುಂಡಿಯೊಳಗೆ ನಿಮ್ಮ ಮುಖ ಕಾಣುತ್ತದೆ.
ಹೋದ ವರ್ಷ ಪೆಟ್ಟಿಗೆಯೊಂದು ಇಳಿಸಿದ ಮೇಲೂ ತೇಲಿತಂತೆ,
ಇಬ್ಬರು ಉದ್ದ ಕೋಲುಗಳಿಂದ
ಪಾದ್ರಿಯ ಪ್ರಾರ್ಥನೆ ಮುಗಿಯುವವರೆಗೆ ಅದುಮಿ ಹಿಡಿದರಂತೆ.
ಅದಕ್ಕೇ ನಮ್ಮನ್ನು ಕರೆಸಿದ್ದು.
ನಮ್ಮನ್ನು ಎಂದರೆ ಮಣ್ಣು ಓದುವ ಆರ್ಮೆಲ್ ಪಿನೆಟ್‌ಳನ್ನು
ಮತ್ತು ಅವಳ ಬೈರಿಗೆ ಹೊರುವ ನನ್ನನ್ನು.

ಗುಡ್ಡದ ಮೇಲೆ, ಓಟ್ಸ್ ಕೂಳೆಯ ನಡುವೆ, ಎದೆಮಟ್ಟ ಅಗೆದೆ.
ಮೇಲೆ ಒಂಬತ್ತಿಂಚು ಉತ್ತ ಮಣ್ಣು, ನೆನೆದ ಚಹಾಪುಡಿಯ ಬಣ್ಣ.
ಅದರಡಿ ಅಲ್ಲಲ್ಲಿ ಬೂದಿ:
ನೇಗಿಲಿಗೆ ಸಿಗದೆ ಉಳಿದ ಸ್ಪ್ರೂಸ್ ಕಾಡಿನ ನೆನಪು.
ಬೂದಿಯಡಿ ತುಕ್ಕು. ತುಕ್ಕು ಇಳಿಯುತ್ತ ಹಳದಿಯಾಗಿ,
ಹಳದಿ ಆಲಿವ್ ಆಗಿ,
ಕೊನೆಗೆ ಯಾವ ಹೆಸರಿಗೂ ಒಗ್ಗದ ಒಂದು ಬಣ್ಣ.
ಬಣ್ಣದ ಪುಸ್ತಕ ತೆರೆದು, ತೂತಿನ ಹಾಳೆಯ ಹಿಂದೆ ಹೆಂಟೆ ಹಿಡಿದು,
ಬಿಸಿಲಿಗೆ ಬೆನ್ನು ಕೊಟ್ಟು, ಆರ್ಮೆಲ್ ಅಂಕಿ ಹೇಳಿದಳು. ನಾನು ಬರೆದುಕೊಂಡೆ.

ಆಮೇಲೆ ಚಿಟಿಕೆ ಮಣ್ಣಿಗೆ ಉಗುಳಿ, ನಾದಿ,
ಹೆಬ್ಬೆರಳಿನಿಂದ ಪಟ್ಟಿ ಹೊಸೆದಳು.
ಒಂದಿಂಚೂ ಬರದೆ ಮುರಿಯಿತು.
ಉಳಿದದ್ದು ಹಲ್ಲಿನ ನಡುವೆ: ಕರಕರ.
'ಮರಳಿದೆ, ಜೇಡಿ ಕಡಿಮೆ. ಗೋಡು.'
ನೆಲದ ಜಾತಿ ಹೀಗೆ ತಿಂದು ಗೊತ್ತಾಗುತ್ತದೆ.

ಹಿಮನದಿಗೆ ಜಾತಿ ಗೊತ್ತಿರಲಿಲ್ಲ.
ಹೊಳೆ ಆರಿಸುತ್ತದೆ, ಕಲ್ಲು ಇಲ್ಲಿ, ಮರಳು ಅಲ್ಲಿ, ರೇವೆ ಇನ್ನೂ ಮುಂದೆ.
ಗಾಳಿ ಕೇರುತ್ತದೆ.
ಹಿಮ ಮಾತ್ರ ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಕಟ್ಟಿಕೊಂಡು ಬಂದು
ಬಿಸಿಲಿಗೆ ಸೋತಲ್ಲಿ ಕೊಡವಿ ಹೋಯಿತು:
ಬಂಡೆ, ಹರಳು, ಹಿಟ್ಟು, ಎಲ್ಲ ಒಂದೇ ಮುದ್ದೆ.
ಮೂರಡಿಯಲ್ಲಿ ಒಂದು ಕಲ್ಲು ಸಿಕ್ಕಿತು,
ಬೆನ್ನ ತುಂಬ ಒಂದೇ ದಿಕ್ಕಿನ ಗೀರು.
ಸುತ್ತಲ ಹತ್ತು ಊರಲ್ಲಿ ಅದರ ಬಂಧುಗಳಿಲ್ಲ.

ಆರ್ಮೆಲ್ ಮೊಣಕಾಲೂರಿ ಹುಡುಕುತ್ತಿದ್ದುದು ಬೇರೆ:
ಬೂದು ಮಚ್ಚೆ, ಅದರಂಚಿಗೆ ಕಿತ್ತಳೆ ಗೆರೆ.
ನೀರು ತಂಗಿ ಉಸಿರು ಕಟ್ಟಿಸಿದಲ್ಲಿ
ಮಣ್ಣಿನೊಳಗಿನ ಕಬ್ಬಿಣ ಬಣ್ಣಗೆಡುತ್ತದೆ.
ಮೂರಡಿ. ಇಲ್ಲ.
ಮೂರೂವರೆ. ಇಲ್ಲ.
'ನೀರು ಬರುತ್ತೆ, ಬೇರಿನ ಹತ್ತಿರ ಕೂತು ಮಾತಾಡುತ್ತೆ,
ಹೊತ್ತು ನೋಡಿ ಎದ್ದು ಹೋಗುತ್ತೆ.
ಚೆನ್ನಾಗಿ ಬಸಿಯುವ ನೆಲ ಅಂತ ಬರಿ.'

ಅಷ್ಟರಲ್ಲಿ ಲೆಯೋಂತೀನ್ ಬಂದಳು, ಹೊಲದ ಒಡತಿ,
ಗಂಡನ ಬೂಟು ಮೆಟ್ಟಿಕೊಂಡು.
'ಏನಂತ ಹೆಸರಿಟ್ಟಿರಿ?'
ಆರ್ಮೆಲ್ ಓದಿದಳು: ಗಣ, ಉಪಗಣ, ಕುಲ, ಸರಣಿ,
ಕಣಗಳ ಗಾತ್ರ, ನೆಲದ ಚಳಿ, ಇಳಿಜಾರು ನೂರಕ್ಕೆ ಎಂಟು.
ಕಾಗದ ಇಂಗ್ಲಿಷಿನಲ್ಲಿತ್ತು. ಲೆಯೋಂತೀನ್ ಫ್ರೆಂಚಿನಲ್ಲಿ ನಕ್ಕಳು.
'ನಮ್ಮ ಮಾವ ಇದನ್ನ ಮೇ-ಮೊದಲು ಅಂತಿದ್ದರು.
ಬೇರೆ ಹೊಲದಲ್ಲಿ ಕುದುರೆ ಮೊಣಕಾಲವರೆಗೆ ಹೂತುಹೋಗುವಾಗ
ಇಲ್ಲಿ ನೇಗಿಲು ಕಟ್ಟಬಹುದಿತ್ತು. ಅಷ್ಟೇ.'
ಸ್ವಲ್ಪ ತಡೆದು,
'ತಿಯೋತೀಮ್‌ಗೆ ಒದ್ದೆ ಕಾಲುಚೀಲ ಅಂದರೆ ಆಗುತ್ತಿರಲಿಲ್ಲ.
ಅದಕ್ಕೂ ಜಗಳ.'

ಕಾಗದದ ಕೊನೆಯ ಸಾಲು: ಸೂಕ್ತ ಬಳಕೆ.
ಆಲೂಗಡ್ಡೆಗೆ, ಓಟ್ಸಿಗೆ, ಹುಲ್ಲಿಗೆ, ಮೇಪಲ್ ಮರಕ್ಕೆ
ಒಂದೊಂದು ಚೌಕವಿತ್ತು.
'ಇತರೆ' ಎಂಬಲ್ಲಿ ಗುರುತು ಹಾಕಿದೆ.

ಗುಂಡಿ ಮುಚ್ಚಲು ಸಲಿಕೆ ಎತ್ತಿದಾಗ ತಡೆದಳು.
'ಇರಲಿ ಬಿಡಪ್ಪ.
ಇನ್ನೆರಡಡಿ ಉದ್ದ ಮಾಡು.
ಎತ್ತರದವನು ಅವನು.'