ಹನ್ನೊಂದು ಗ್ರಾಂ

ತಕ್ಕಡಿ ರಿಪೇರಿಗೆಂದು ವರ್ಷಕ್ಕೆರಡು ಸಲ
ಘಟ್ಟ ಇಳಿಯುವವನು ನಾನು.
ಚೀಲದಲ್ಲಿ ತೂಕದ ಹಿತ್ತಾಳೆ ಬಟ್ಟುಗಳು,
ಹತ್ತಿಯಲ್ಲಿ ಸುತ್ತಿದ ಒಂದು ಗ್ರಾಮಿನ ತಗಡು, ಚಿಮುಟ,
ಹುಬ್ಬಳ್ಳಿಯ ಖಾರದ ಚುರುಮುರಿ.
ಪಣಜಿಯ ಮೀನುಪೇಟೆಯಲ್ಲಿ ನನ್ನನ್ನು ಕಂಡರೆ
ಅರ್ಧ ಜನ ನಗುತ್ತಾರೆ, ಇನ್ನರ್ಧ
ತಕ್ಕಡಿಗೆ ಗೋಣಿ ಹೊದಿಸುತ್ತಾರೆ.

ಈ ಸಲ ಆಗಸ್ಟಿನಲ್ಲಿ ಬಂದೆ.
"ತಾಳಗಾಂವಿಗೆ ಇವತ್ತು ಯಾಕೆ ಹೋಗ್ತೀಯ?
ಅಂಗಡಿ ಮುಚ್ಚಿರ್ತವೆ, ಕೊಣ್ಸಾಚೆಂ ಫೆಸ್ತ್" ಎಂದ ಸೋಡಾ ಮಾರುವವ.
ನನಗೆ ಕೇಳಿಸಿದ್ದು: ಕನಸಿನ ಹಬ್ಬ.
ಕನಸಿಗೂ ಒಂದು ರಜೆ ಇಟ್ಟುಕೊಂಡ ಊರು!
ನೋಡಿಯೇ ಬಿಡೋಣವೆಂದು ಬಸ್ಸು ಹತ್ತಿದೆ.

ಕನಸಲ್ಲ, ತೆನೆ.
ಕೊಣಸ್ ಎಂದರೆ ತೆನೆಯೆಂದು ತಿಳಿಯಲು
ಗದ್ದೆಯ ಬದುವಿನವರೆಗೂ ಹೋಗಬೇಕಾಯಿತು.
ಮೂರು ಕಡೆ ಎತ್ತರದ ಕಟ್ಟಡಗಳು,
ಬಾಲ್ಕನಿಗಳಲ್ಲಿ ವಾರದಿಂದ ಒಣಗದ ಚಾದರಗಳು,
ನಡುವೆ ಕರವಸ್ತ್ರದಷ್ಟು ಗದ್ದೆ.
ಬ್ಯಾಂಡಿನವರ ಬಿಳಿ ಶೂ ಕೆಸರಲ್ಲಿ.
ಪಟಾಕಿಗೆ ಬೆದರಿದ ಬೆಳ್ಳಕ್ಕಿಗಳು
ಲಿಫ್ಟಿನ ಕೋಣೆಯ ಮೇಲೆ ಸಾಲಾಗಿ ಕೂತವು.

ಪಾದ್ರಿ ನೀರು ಚಿಮುಕಿಸಿದರು; ಮಳೆಯೂ ಚಿಮುಕಿಸಿತು.
ಯಾವುದು ಯಾರದೆಂದು ಗದ್ದೆ ಕೇಳಲಿಲ್ಲ.
ಎಂಬತ್ತು ದಾಟಿದ ಗಾಂವ್‌ಕಾರ ಕಾಯ್ತಾನ್
ಕೆಂಪು ಮೇಲಂಗಿಯೊಳಗೆ ನಡುಗುತ್ತ ಬಾಗಿದ.
ಬೆಳ್ಳಿ ಕುಡುಗೋಲಿಗೆ ಹರಿತವಿಲ್ಲ,
ಲೋಹದ ಸಂಗ ಮಾಡಿದವನಿಗೆ ದೂರದಿಂದಲೇ ಗೊತ್ತಾಗುತ್ತದೆ.
ಅದು ಕೊಯ್ಯಲಿಲ್ಲ, ಜಗ್ಗಿತು.
ಎರಡನೇ ಸಲ. ಮೂರನೇ ಸಲ.
ಬ್ಯಾಂಡು ತಡವರಿಸಿ ಅದೇ ಸಾಲನ್ನು ಮತ್ತೆ ಬಾರಿಸಿತು.

ಆಗ ಬೆನ್ನ ಹಿಂದೆ ನನ್ನ ಮಾತು:
"ಬುಡಕ್ಕ ಹಿಡೀಬೇಕ್ರೀ ಅಜ್ಜಾರ, ಬುಡಕ್ಕ."
ಗೋಡೆಯ ಈಚೆ, ಪ್ಲಾಸ್ಟಿಕ್ ಕೊಪ್ಪೆಯೊಳಗೆ
ಕುಷ್ಟಗಿಯ ಮಾಬುಬಿ.
ಹತ್ತೊಂಬತ್ತು ಮಳೆಗಾಲ ಈ ಗದ್ದೆಗೆ ನಾಟಿ ಹಚ್ಚಿದವಳು.
"ಅಕಾ, ಆ ಸಾಲಿನಾಗ ನನ್ನ ಬಳಿ ಒಡದಿತ್ರಿ ಈ ಸಲ.
ಹಸರ ಬಳಿ. ಒಂದ ಚೂರು ಸಿಕ್ಕಿಲ್ಲ.
ಅವರ ಕೈಗೆ ಚುಚ್ಚೀತೇನೋ ಅಂತ ನೋಡಾಕ ಬಂದೀನಿ."
ಹಬ್ಬ ನೋಡೋಕಲ್ವಾ? ಎಂದೆ.
"ಹಬ್ಬಾನೂ ಐತೆಲ್ಲ" ಎಂದಳು,
ಮುದುಕನ ಬೆರಳಿಂದ ಕಣ್ಣು ಕೀಳದೆ.

ಚುಚ್ಚಲಿಲ್ಲ. ತೆನೆ ಕೈಗೆ ಬಂತು.
ಕೊಡೆಗಳೆಲ್ಲ ಒಟ್ಟಿಗೆ ಎದ್ದವು, ಇಗರ್ಜಿಯ ಗಂಟೆ,
ಹುಡುಗರ ಕೂಗು, ಮತ್ತೆ ಪಟಾಕಿ.
ಮಾಬುಬಿ ಕೊಪ್ಪೆ ಸರಿಮಾಡಿಕೊಂಡು
ಏಳನೇ ಮಹಡಿಯ ಪಾತ್ರೆ ತೊಳೆಯಲು ಹೋದಳು.

ಎಸ್ಪೆರಾನ್ಸಾಬಾಯಿಯ ಕಿರಾಣಿ ಅಂಗಡಿ ಅರ್ಧ ತೆರೆದಿತ್ತು.
ಬಾಳೆಲೆ ತುಂಡಿನಲ್ಲಿ ಅವಲಕ್ಕಿ, ಬೆಲ್ಲ, ಕಾಯಿತುರಿ.
ಅವಲಕ್ಕಿ ಪೇಟೆಯದು, ಹೊಸ ಭತ್ತಕ್ಕಿನ್ನೂ ತಿಂಗಳು ಬೇಕು ಎಂದು
ತಾನೇ ಹೇಳಿ ನಕ್ಕಳು.
ಹಾಗೇ ತಕ್ಕಡಿಯನ್ನೂ ಮುಂದೆ ತಳ್ಳಿದಳು.
ಹಬ್ಬದ ದಿನ ಕೂಲಿ ಕೇಳಲಾರೆನೆಂಬುದು ಅವಳ ಲೆಕ್ಕ.

ಶಿಲುಬೆಯ ಹಿಂದೆ ಸಿಕ್ಕಿಸಲೆಂದು ಇಟ್ಟಿದ್ದ ತೆನೆಯನ್ನು
ಅವಳೇ ತಟ್ಟೆಗೆ ಹಾಕಿದಳು: "ಇದು ಎಷ್ಟು ನೋಡು."
ಫ್ಯಾನಿನ ಗಾಳಿಗೆ ಅಂಕಿ ನಿಲ್ಲಲಿಲ್ಲ.
ಒಂಬತ್ತು, ಹನ್ನೆರಡು, ಹತ್ತು.
ಫ್ಯಾನು ಆರಿಸಿದಳು.
ಇಬ್ಬರೂ ಉಸಿರು ಹಿಡಿದೆವು.
ಹನ್ನೊಂದು ಗ್ರಾಂ.
ಅಷ್ಟೂ ಹಾಲು; ಅದರಲ್ಲಿ ಇನ್ನೂ ಅಕ್ಕಿ ಇರಲಿಲ್ಲ.
"ಹೋದ ವರ್ಷ ಒಂಬತ್ತಿತ್ತು" ಎಂದಳು,
ಹೋದ ವರ್ಷ ಅವಳು ತೂಗಿರಲೇ ಇಲ್ಲ, ನನಗೆ ಗೊತ್ತು.

ಅವಳು ಚಹಾಕ್ಕೆ ಒಳಹೋದಾಗ
ಹತ್ತು ಗ್ರಾಮಿನ ಬಟ್ಟು ಇಟ್ಟು ನೋಡಿದೆ.
ಹನ್ನೆರಡು ತೋರಿಸಿತು.
ಮೂವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ
ಸ್ಕ್ರೂ ಬಿಚ್ಚದೆ ಚಿಮುಟ ಒಳಗಿಟ್ಟೆ.
ದೀಪಾವಳಿಗೆ ಬಂದಾಗ ಸರಿಮಾಡುತ್ತೇನೆ.
ಅಲ್ಲಿಯವರೆಗೆ ಅವಳ ಗಿರಾಕಿಗಳು
ನನ್ನನ್ನು ಬೈದುಕೊಳ್ಳಲಿ.

ರಾತ್ರಿಯ ರೈಲು ಕುಳೆಂ ದಾಟುವಾಗ
ಜೇಬಿನಲ್ಲಿ ಅವಳು ಕೊಟ್ಟ ಇನ್ನೊಂದು ತೆನೆ
ಅಂಗಿಯೊಳಗಿಂದ ಎದೆಗೆ ಕೆರೆಯುತ್ತಿತ್ತು.
ಪಕ್ಕದ ಗದಗಿನವ ಕೇಳಿದ: "ಏನ್ರಿ ಅದು, ಹಸರು?"
ಕೊಣಸ್ ಎಂದೆ.
"ಕನಸ?"
ಹ್ಞೂಂ ಎಂದೆ, ತಿದ್ದಲಿಲ್ಲ.
ಅದಕ್ಕೆ ನೋವಾದೀತೆಂಬಂತೆ
ಅವ ಸ್ವಲ್ಪ ಆಚೆ ಸರಿದು ಕೂತ.