ಹಿಂಬಾಗಿಲು

ಎಲ್ಲಿ ಉಣ್ಣೋಣ ಹೇಳು, ಮೂರೇ ದಿನ ಇರೋದು,
ಎಂದ ಷಡ್ಡಕ, ದಾದರಿನ ಮೆಟ್ಟಿಲು ಇಳಿಯುತ್ತಲೇ.
ಚೀಲ ಇನ್ನೂ ಹೆಗಲಲ್ಲೇ ಇತ್ತು.

ಕೇಳಬಾರದವನನ್ನು ಕೇಳಿದೆಯಲ್ಲೋ ಮಾರಾಯ.
ಇಪ್ಪತ್ತೊಂಬತ್ತು ವರ್ಷ ಈ ಊರಿನ ಹೋಟೆಲುಗಳ
ಗ್ರೈಂಡರ್ ಬಿಚ್ಚಿ ಕಟ್ಟಿದವ ನಾನು,
ಬೋರ್ಡು ಓದಿ ಒಳಗೆ ಹೋದವನಲ್ಲ.
ನನಗೆ ಗೊತ್ತಿರುವುದು ಹಿಂಬಾಗಿಲು:
ಈರುಳ್ಳಿ ಸಿಪ್ಪೆ, ಒದ್ದೆ ಗೋಣಿ, ಮರಿ ಹಾಕಿದ ಬೆಕ್ಕು,
ಮತ್ತೆ ಒಬ್ಬ ಹುಡುಗ, ಯಾವಾಗಲೂ ಒಬ್ಬ ಹುಡುಗ,
ಮಗುಚಿಟ್ಟ ಡಬ್ಬದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುವವ.

ಆದರೂ ಕೇಳಿದೆಯಲ್ಲ, ಹೇಳುತ್ತೇನೆ.

ಮಾಟುಂಗಾದಲ್ಲಿ ನಮ್ಮವರ ಹೋಟೆಲಿದೆ, ದೋಸೆ ತಿನ್ನು.
ಹೆಸರು ಕೃಷ್ಣನದು, ಗಲ್ಲೆಯಲ್ಲಿ ಶೆಟ್ಟರು,
ಕಾವಲಿಯ ಮುಂದೆ ಗಂಜಾಮಿನ ಬನಮಾಲಿ.
ಹಿಟ್ಟು ಹುಳಿ ಬಂತೋ ಇಲ್ಲವೋ ಅವನು ಮೂಸುವುದಿಲ್ಲ,
ಪಾತ್ರೆಗೆ ಕಿವಿಗೊಟ್ಟು ಕೇಳುತ್ತಾನೆ.
ಆ ಗುಳ್ಳೆ ಒಡೆಯುವ ಸದ್ದಿಗೆ ಅವನ ಅಜ್ಜಿ ಒಂದು ಹೆಸರಿಟ್ಟಿದ್ದಳಂತೆ,
ನನಗೆ ಹೇಳಿಕೊಟ್ಟ. ಮರೆತೆ.

ಇರಾನಿ ಚಾ ಬೇಕಾದರೆ ಗ್ರಾಂಟ್ ರೋಡಿನ ಮೂಲೆಯದಕ್ಕೆ ಹೋಗು,
ಬೇಗ ಹೋಗು. ಗುಸ್ತಾಸ್ಪ್ ಸೇಠರಿಗೆ ಎಂಬತ್ತೆರಡು.
ಬೆಣ್ಣೆ ಇನ್ನೂ ಅವರೇ ಹಚ್ಚುವುದು. ಕೈ ನಡುಗಿ
ಬನ್ನಿನ ಬೆನ್ನಿಗೂ ಬೆಣ್ಣೆ, ಬಸಿಗೂ ಬೆಣ್ಣೆ,
ಒಮ್ಮೊಮ್ಮೆ ಚಿಲ್ಲರೆಗೂ.

ಸಯನ್ ಕೋಳಿವಾಡ.
ನಿನ್ನ ಹಿತ್ತಲ ಕೋಳಿಯಲ್ಲ, ಮೀನು ಹಿಡಿಯುವ ಜನ.
ಅಲ್ಲಿ ಲಿಯಾಂಗ್ ಅಜ್ಜಿಯ ಚೀನೀ ಅಂಗಡಿ, ಆರು ಮೇಜು.
ಅವಳು ಬೈಯುವುದು ಮರಾಠಿಯಲ್ಲಿ,
ಬೊಂಬಿಲಿನ ರೇಟಿಗೆ ಅವಳು ಬಾಯಿ ತೆಗೆದರೆ
ಮಾರುವವಳೇ ಬುಟ್ಟಿ ಎತ್ತಿಕೊಂಡು ಓಡಬೇಕು.
ನೂಡಲ್ಸಿಗೆ ಕದ್ದು ಕರಿಬೇವು ಹಾಕುತ್ತಾಳೆ.
ಯಾರಿಗೂ ಹೇಳಬೇಡ ಎಂದಿದ್ದಳು.

ಪೇಡ್ನೇಕರ್ ಬಾಯಿಯ ಖಾನಾವಳಿಗೆ ಮಾತ್ರ
ನಿನಗೆ ಹಸಿವಾದಾಗ ಹೋಗಬೇಡ,
ಗಿರಣಿಯ ಪಾಳಿ ಬಿಡುವ ಹೊತ್ತಿಗೆ ಹೋಗು.
ಗಿರಣಿ ಮುಚ್ಚಿ ಅಲ್ಲಿ ಗಾಜಿನ ಗೋಪುರ ಎದ್ದರೂ
ಅವಳ ಅನ್ನ ಬೇಯುವುದು ಇನ್ನೂ ಆ ಭೋಂಗದ ಲೆಕ್ಕಕ್ಕೆ.
ಬಂಗುಡೆ ಸಾರಿಗೆ ತಿರಫಳ ಹಾಕುತ್ತಾಳೆ,
ನಾವು ಜುಮ್ಮನಕಾಯಿ ಅನ್ನುವುದು ಅದಕ್ಕೇ.
ಹೆಸರು ಬೇರೆ, ತುಟಿಗೆ ಅದೇ ಜುಮ್ಮು.

ಭೇಂಡಿ ಬಜಾರಿನಲ್ಲಿ ಹೋಟೆಲಲ್ಲ, ಒಂದು ಮನೆ.
ಮೂರನೇ ಮಾಳಿಗೆ, ತಸ್ನೀಮ್ ಬೆನ್ನರ ಮಿಕ್ಸರು.
ರಿಪೇರಿ ಮುಗಿಯುವಾಗ ಅವರ ದೊಡ್ಡ ತಟ್ಟೆಯ ಸುತ್ತ
ಏಳು ಜನ ಕೂತಿದ್ದರು, ಎಂಟನೆಯವನಿಗೆ ಜಾಗವಿತ್ತು.
ಮೊದಲು ಬೆರಳ ತುದಿಗೆ ಉಪ್ಪು. ಮುಗಿದ ಮೇಲೂ ಉಪ್ಪು.
ಮಿಸ್ತ್ರಿ, ಎರಡು ಸಲ ನಮ್ಮ ಉಪ್ಪು ತಿಂದೆ,
ಈಗ ಹೇಳು, ಬಿಲ್ಲೆಷ್ಟು?

ನಗಬೇಡ. ಅರ್ಧ ಬಿಟ್ಟೆ.

ಇನ್ನೊಂದಿದೆ, ಅದಕ್ಕೆ ವಿಳಾಸವಿಲ್ಲ.
ಈ ಬಲಗೈ ಬೆರಳು ನೋಡು, ಉಗುರಿಲ್ಲದ್ದು.
ಲಾಲ್‌ಬಾಗಿನ ಒಂದು ಅಡುಗೆಮನೆಯಲ್ಲಿ
ಕರೆಂಟು ಹೋಗಿದೆ ಎಂದುಕೊಂಡು ಕೈ ಹಾಕಿದ್ದೆ,
ಬಂತು.
ಆಸ್ಪತ್ರೆಯಿಂದ ಮರಳುವಾಗ ಸಂಜೆ ನಾಲ್ಕು.
ಗಿರಾಕಿಗಳಿಲ್ಲ, ಒಲೆ ಸಣ್ಣಗೆ, ಕೆಲಸದವರ ಊಟದ ಹೊತ್ತು.
ಮೆನುವಿನಲ್ಲಿ ಇಲ್ಲದ್ದು ಬೇಯುವುದು ಆಗಲೇ.
ಬೆಳ್ಳುಳ್ಳಿ ಹುಡುಗ ನಿನ್ನೆಯ ಅನ್ನಕ್ಕೆ
ಹಸಿ ಸಾಸಿವೆ ಎಣ್ಣೆ, ಹಸಿಮೆಣಸು, ಸುಟ್ಟ ಆಲೂ
ಕಿವುಚಿ, ತಾನು ತಿನ್ನದೆ, ನನ್ನ ಬ್ಯಾಂಡೇಜಿನ ಕೈ ನೋಡಿ,
ತುತ್ತು ಮಾಡಿ ಬಾಯಿಗಿಟ್ಟ.
ಮೂಗಿಗೆ ಹತ್ತಿ ಕಣ್ಣಲ್ಲಿ ನೀರು. ಎಣ್ಣೆಯ ಘಾಟು, ಅಷ್ಟೇ.
ಯಾವೂರು ಎಂದೆ. ನಕ್ಕ. ಯಾವುದೋ ನದಿಯ ಹೆಸರು ಹೇಳಿದ.
ಮುಂದಿನ ತಿಂಗಳು ಹೋದಾಗ
ಡಬ್ಬದ ಮೇಲೆ ಬೇರೆ ಹುಡುಗ ಕೂತಿದ್ದ.

ಇಷ್ಟು ಹೇಳಿ ತಿರುಗಿದರೆ ಷಡ್ಡಕ ಪಕ್ಕದಲ್ಲಿಲ್ಲ.
ಸೇತುವೆ ಕೆಳಗಿನ ಗಾಡಿಗೆ ಒರಗಿ
ಎರಡನೇ ವಡಾಪಾವಿಗೆ ಕೈ ಚಾಚಿದ್ದಾನೆ,
ಮೀಸೆಯ ಮೇಲೆ ಕೆಂಪು ಚಟ್ನಿಪುಡಿ.
ಏನೋ ಅಂದೆಯಲ್ಲ? ಎಂದ, ಬಾಯ್ತುಂಬ.
ಗಾಡಿಯ ಹಿಂದೆ, ಮಗುಚಿಟ್ಟ ಡಬ್ಬ.
ಸಿಪ್ಪೆ ಹಾರಿ ಬಂದು ನನ್ನ ಚಪ್ಪಲಿಗೆ ಅಂಟಿತು.